ಕೊಡಗಿನ ಮನೆ ಸ್ಟುಡಿಯೊದಲ್ಲಿ ಗುಂಯ್‌ಗುಡುವ, ಚಟಪಟಿಸುವ ಸದ್ದುಗಳ ಮೂಲ ಹುಡುಕುವ ಬಗೆ

ಮನೆಯ ಒಂದು ಕೋಣೆಯನ್ನು ಸ್ಟುಡಿಯೊ ಮಾಡಿಕೊಂಡವರು ಸದ್ದು ಕೆಟ್ಟಾಗ ಮೊದಲು ಅನುಮಾನಿಸುವುದು ಉಪಕರಣವನ್ನು. ಮೈಕ್ ಬದಲಿಸುತ್ತಾರೆ, ಕೇಬಲ್ ಬದಲಿಸುತ್ತಾರೆ, ಕೊನೆಗೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸನ್ನೇ ಮಾರಿ ಇನ್ನೊಂದನ್ನು ತರಿಸುತ್ತಾರೆ. ಸದ್ದು ಮಾತ್ರ ಹಾಗೆಯೇ ಉಳಿಯುತ್ತದೆ. ಮಡಿಕೇರಿ ಮತ್ತು ಸೋಮವಾರಪೇಟೆಯ ನಡುವಿನ ಒಂದು ಕಾಫಿ ತೋಟದ ಮನೆಯಲ್ಲಿ ಹಲವು ವರ್ಷ ಧ್ವನಿಮುದ್ರಣ ಮಾಡಿದ ಮೇಲೆ ನನಗೆ ಖಚಿತವಾದ ಸಂಗತಿಯೆಂದರೆ, ಕೊಡಗಿನಲ್ಲಿ ಸ್ಟುಡಿಯೊದ ದೋಷಗಳಿಗೂ ಋತುಮಾನವಿದೆ. ಡಿಸೆಂಬರಿನಲ್ಲಿ ನಿಶ್ಶಬ್ದವಾಗಿದ್ದ ಅದೇ ಸಲಕರಣೆ ಮಾರ್ಚಿನಲ್ಲಿ ಗುಂಯ್‌ಗುಡುತ್ತದೆ, ಜುಲೈಯಲ್ಲಿ ಚಟಪಟಿಸುತ್ತದೆ. ಈ ನಡುವೆ ಬದಲಾದದ್ದು ನೆಲದ ತೇವ, ಗಾಳಿಯ ತೇವ ಮತ್ತು ಕರೆಂಟಿನ ಸ್ಥಿತಿ. ಆದ್ದರಿಂದ ಯಾವ ಉಪಕರಣ ಕೆಟ್ಟಿದೆ ಎಂದು ಹುಡುಕುವ ಮೊದಲು, ದೋಷ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದನ್ನು ಬರೆದಿಡಬೇಕು.

ಇಲ್ಲಿ ನಾನು ಮನಸ್ಸಿನಲ್ಲಿಟ್ಟುಕೊಂಡಿರುವುದು ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಎತ್ತರದ ಸಾಮಾನ್ಯ ಮಲಗುವ ಕೋಣೆಯನ್ನು. ಅದರಲ್ಲಿ ಒಂದು ಲ್ಯಾಪ್‌ಟಾಪ್, ಎರಡು ಮೈಕ್ ಹಿಡಿಯುವ ಆಡಿಯೊ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕ್, ಒಂದು ಡೈನಾಮಿಕ್ ಮೈಕ್, ಒಂದು ಜೊತೆ ಮಾನಿಟರ್ ಸ್ಪೀಕರ್, ಒಂದು ಹೆಡ್‌ಫೋನ್ ಇವೆ. ಇವುಗಳ ಜೊತೆಗೆ ಬೇಕಾದವು ಒಂದು ಮಲ್ಟಿಮೀಟರ್, ಗಾಳಿಯ ತೇವಾಂಶ ತೋರಿಸುವ ಒಂದು ಚಿಕ್ಕ ಮಾಪಕ ಮತ್ತು ಒಂದು ನೋಟ್‌ಬುಕ್. ಈ ಮೂರರಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ನೋಟ್‌ಬುಕ್. ದಿನಾಂಕ, ಮಳೆ ಇತ್ತೇ, ಲೈನ್ ಕರೆಂಟೇ ಅಥವಾ ಇನ್ವರ್ಟರೇ, ಪಂಪ್‌ಸೆಟ್ ಓಡುತ್ತಿತ್ತೇ, ತೇವಾಂಶ ಎಷ್ಟು, ಸದ್ದು ಹೇಗಿತ್ತು ಎಂಬಿಷ್ಟನ್ನು ಎರಡು ಸಾಲಿನಲ್ಲಿ ಬರೆದರೂ ಒಂದು ವರ್ಷದೊಳಗೆ ಅರ್ಧ ದೋಷಗಳು ತಾವಾಗಿಯೇ ತಮ್ಮ ಮೂಲವನ್ನು ತೋರಿಸಿಕೊಡುತ್ತವೆ.

ಮೊದಲು ಒಂದು ನಿಮಿಷದ ಮೌನ

ನಮ್ಮ ಊರಿನ ಹಿರಿಯರೊಬ್ಬರು ಒಮ್ಮೆ ಮನೆಗೆ ಬಂದು ಇಡೀ ಮಧ್ಯಾಹ್ನ ಕುಳಿತು ಹಳೆಯ ಪದಗಳನ್ನು ಹಾಡಿದರು. ಮಧ್ಯೆ ಎರಡು ಬಾರಿ ಕಾಫಿ ಕುಡಿದು, ಮರೆತ ಸಾಲುಗಳನ್ನು ನೆನಪಿಸಿಕೊಂಡು ಮತ್ತೆ ಹಾಡಿದರು. ಆಗ ನನ್ನ ಕಿವಿಯಲ್ಲಿದ್ದದ್ದು ಫೋನಿನ ಜೊತೆ ಬಂದಿದ್ದ ಚಿಕ್ಕ ಇಯರ್‌ಫೋನ್. ಅದರಲ್ಲಿ ತಗ್ಗಿನ ಸದ್ದು ಸರಿಯಾಗಿ ಕೇಳಿಸುವುದಿಲ್ಲ. ರಾತ್ರಿ ಸ್ಪೀಕರಿನಲ್ಲಿ ಹಾಕಿ ಕೇಳಿದಾಗ ಪ್ರತಿ ಪದದ ಕೆಳಗೂ ಜೇನುಗೂಡಿನಂಥ ಒಂದು ಗುಂಯ್ ಸದ್ದು ಹರಿಯುತ್ತಿತ್ತು. ಅಜ್ಜ ಉಸಿರು ತೆಗೆದುಕೊಳ್ಳುವ ಕಡೆಗಳಲ್ಲಂತೂ ಅದೊಂದೇ ಕೇಳುತ್ತಿತ್ತು. ಅವರು ಮತ್ತೆ ಹಾಡುವಷ್ಟು ಆರೋಗ್ಯದಿಂದಿರಲಿಲ್ಲ. ಆ ದಿನದಿಂದ, ಹಾಡುವವರು ಬರುವ ಮೊದಲೇ ಒಂದು ನಿಮಿಷ ಖಾಲಿ ಕೋಣೆಯನ್ನು ಮುದ್ರಿಸಿ, ಅದನ್ನು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನಿನಲ್ಲಿ ಕೇಳದೆ ನಾನು ಕೆಲಸ ಶುರು ಮಾಡಿಲ್ಲ.

ಈ ಮೌನದ ಪರೀಕ್ಷೆ ಮಾಡುವಾಗ ಮೈಕಿನ ಸದ್ದನ್ನು ಹಿಗ್ಗಿಸುವ ಗೇನ್ ಗುಂಡಿ ನಿಜವಾದ ಧ್ವನಿಮುದ್ರಣಕ್ಕೆ ಎಲ್ಲಿರಬೇಕೋ ಅಲ್ಲಿಯೇ ಇರಲಿ. ಮೈಕ್ ನಿಲ್ಲಬೇಕಾದ ಕಡೆ ನಿಲ್ಲಿಸಿ, ಫ್ಯಾನ್ ಆರಿಸಿ, ಮನೆಯವರಿಗೂ ಹೇಳಿ ಒಂದು ನಿಮಿಷ ಮುದ್ರಿಸಬೇಕು. ನಂತರ ಸಾಫ್ಟ್‌ವೇರಿನ ಸ್ಪೆಕ್ಟ್ರಮ್ ಕಿಟಕಿಯಲ್ಲಿ, ಅಂದರೆ ಯಾವ ಸ್ವರ ಎಷ್ಟು ಜೋರಾಗಿದೆ ಎಂದು ತೋರಿಸುವ ಚಿತ್ರದಲ್ಲಿ, ಅದನ್ನು ನೋಡಬೇಕು. ನಮ್ಮ ಕರೆಂಟ್ 50 ಹರ್ಟ್ಸ್‌ನದಾದ್ದರಿಂದ ಅದರಿಂದ ಬರುವ ಸದ್ದು 50, 100, 150 ಹೀಗೆ ಐವತ್ತರ ಮಗ್ಗಿಯಲ್ಲಿ ಕಡ್ಡಿ ನೆಟ್ಟಂತೆ ಕಾಣುತ್ತದೆ. ಬರೀ 50ರಲ್ಲಿ ಒಂದು ಎತ್ತರದ ಕಡ್ಡಿ ಇದ್ದು ಸದ್ದು ದಪ್ಪಗೆ, ಮೆತ್ತಗೆ ಕೇಳಿದರೆ ಯಾವುದೋ ಟ್ರಾನ್ಸ್‌ಫಾರ್ಮರ್ ಅಥವಾ ಮೋಟಾರ್ ಹತ್ತಿರದಲ್ಲಿದೆ, ಇಲ್ಲವೇ ಕೇಬಲಿನ ಕವಚದ ತಂತಿ ಎಲ್ಲೋ ಬಿಟ್ಟುಕೊಂಡಿದೆ ಎಂದು ತಿಳಿಯಬಹುದು. 100ರಿಂದ ಹಿಡಿದು ಮೇಲಿನವರೆಗೂ ಸಾಲಾಗಿ ಕಡ್ಡಿಗಳಿದ್ದು ಸದ್ದು ಹರಿತವಾಗಿ ಕೊರೆಯುತ್ತಿದ್ದರೆ ಚಾರ್ಜರ್, ಇನ್ವರ್ಟರ್, ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ದೀಪಗಳ ಕಡೆ ಮೊದಲು ಹೋಗಬೇಕು. ಕಡ್ಡಿಗಳೇ ಇಲ್ಲದೆ ಬರೀ ಸುಯ್ ಎಂಬ ಸದ್ದು ಹರಡಿಕೊಂಡಿದ್ದರೆ ಅದು ಕರೆಂಟಿನದಲ್ಲ. ಮೈಕ್‌ನ ಸ್ವಂತ ಸದ್ದು, ಮಳೆ ಅಥವಾ ಗಾಳಿ.

ಗುಂಯ್ ಸದ್ದು ಎಲ್ಲಿಂದ ಒಳಗೆ ಬರುತ್ತದೆ

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು ಎಂಬ ನಿಯಮವನ್ನು ಇಲ್ಲಿ ಕಟ್ಟುನಿಟ್ಟಾಗಿ ಪಾಲಿಸಬೇಕು. ಮೊದಲಿಗೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ಕೇಳಿ. ನಾನು ನೋಡಿದ ಮನೆಗಳಲ್ಲಿ ಬಹುಪಾಲು ಗುಂಯ್ ಸದ್ದು ಇಷ್ಟಕ್ಕೇ ನಿಂತಿದೆ. ಚಾರ್ಜರಿನೊಳಗೆ ಕರೆಂಟಿನ ಕಸವನ್ನು ಸೋಸುವ ಪುಟ್ಟ ಕೆಪಾಸಿಟರುಗಳಿರುತ್ತವೆ. ಅವು ಬಹಳ ಸಣ್ಣ ಪ್ರಮಾಣದ ಕರೆಂಟನ್ನು ಅರ್ಥಿಂಗಿಗೆ ಸಾಗಿಸುತ್ತವೆ. ಅರ್ಥಿಂಗ್ ಚೆನ್ನಾಗಿದ್ದರೆ ಅದು ಸದ್ದಿಲ್ಲದೆ ನೆಲಕ್ಕೆ ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಅಥವಾ ಚಾರ್ಜರ್ ಎರಡೇ ಪಿನ್ನಿನದಾಗಿದ್ದರೆ ಅದು ಲ್ಯಾಪ್‌ಟಾಪಿನ ಲೋಹದ ಮೈ, ಯುಎಸ್‌ಬಿ ಕೇಬಲ್, ಇಂಟರ್‌ಫೇಸ್, ಸ್ಪೀಕರ್ ಕೇಬಲ್ ಹೀಗೆ ಸಿಕ್ಕ ದಾರಿಯಲ್ಲಿ ಹರಿಯುತ್ತದೆ. ಲ್ಯಾಪ್‌ಟಾಪಿನ ಅಂಚಿನ ಮೇಲೆ ಬೆರಳ ಹಿಂಬದಿಯನ್ನು ಮೆಲ್ಲಗೆ ಸವರಿದಾಗ ನವಿರಾದ ಕಂಪನ ಸಿಕ್ಕುವುದು, ಗಿಟಾರಿನ ತಂತಿ ಮುಟ್ಟಿದೊಡನೆ ಸದ್ದು ಕಡಿಮೆಯಾಗುವುದು ಇದರ ಗುರುತುಗಳು. ಕಂಪನವನ್ನು ಮೀರಿ ಶಾಕ್ ಎನ್ನಿಸುವಂಥದ್ದು ತಗುಲಿದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ಮೇನ್ ಆಫ್ ಮಾಡಬೇಕು.

ಚಾರ್ಜರ್ ತೆಗೆದರೂ ಸದ್ದು ಇದ್ದರೆ ಮೈಕ್ ಕೇಬಲನ್ನು ಇಂಟರ್‌ಫೇಸಿನಿಂದ ಕೀಳಿ. ಸದ್ದು ಹೋದರೆ ಅದು ಮೈಕ್ ಅಥವಾ ಕೇಬಲಿನಲ್ಲಿದೆ. ಹೋಗದಿದ್ದರೆ ಸ್ಪೀಕರ್ ಆರಿಸಿ ಹೆಡ್‌ಫೋನಿನಲ್ಲಿ ಕೇಳಿ. ಹೆಡ್‌ಫೋನಿನಲ್ಲಿ ಸ್ವಚ್ಛವಾಗಿದ್ದು ಸ್ಪೀಕರಿನಲ್ಲಿ ಮಾತ್ರ ಸದ್ದಿದ್ದರೆ ಸ್ಪೀಕರ್ ಮತ್ತು ಲ್ಯಾಪ್‌ಟಾಪ್ ಎರಡು ಬೇರೆ ಬೇರೆ ಸಾಕೆಟ್‌ನಲ್ಲಿವೆಯೇ ನೋಡಬೇಕು. ಎರಡು ಕಡೆಯಿಂದ ಅರ್ಥಿಂಗ್ ಸಿಕ್ಕಾಗ ಅವುಗಳ ನಡುವೆ ಒಂದು ದೊಡ್ಡ ಸುತ್ತು ಏರ್ಪಟ್ಟು, ಆ ಸುತ್ತಿನಲ್ಲಿ ಹರಿಯುವ ಕರೆಂಟ್ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ಇದನ್ನೇ ಗ್ರೌಂಡ್ ಲೂಪ್ ಎನ್ನುವುದು. ಹಳೆಯ ಮನೆಗೆ ಹೊಸ ಕೋಣೆ ಸೇರಿಸಿ ಕಟ್ಟಿದಾಗ ಹೊಸ ಭಾಗಕ್ಕೆ ಇನ್ನೊಂದು ಅರ್ಥಿಂಗ್ ಗುಂಡಿ ತೋಡಿರುವುದು ನಮ್ಮಲ್ಲಿ ಸಾಮಾನ್ಯ. ಅಂಥ ಮನೆಗಳಲ್ಲಿ ಈ ತೊಂದರೆ ಹೆಚ್ಚು. ಸ್ಟುಡಿಯೊದ ಎಲ್ಲ ಉಪಕರಣಗಳಿಗೂ ಒಂದೇ ಗೋಡೆಯ ಸಾಕೆಟ್‌ನಿಂದ, ಒಂದೇ ಒಳ್ಳೆಯ ಎಕ್ಸ್‌ಟೆನ್ಶನ್ ಬೋರ್ಡ್ ಮೂಲಕ ಕರೆಂಟ್ ಕೊಡುವುದು ಇದಕ್ಕೆ ಪರಿಹಾರ. ಇಂಟರ್‌ಫೇಸ್, ಸ್ಪೀಕರ್, ಲ್ಯಾಪ್‌ಟಾಪ್ ಒಟ್ಟು ಸೇರಿದರೂ ಎಳೆಯುವ ಕರೆಂಟ್ ಇಸ್ತ್ರಿ ಪೆಟ್ಟಿಗೆಗಿಂತ ಬಹಳ ಕಡಿಮೆ. ಒಂದೇ ಸಾಕೆಟ್ ಸಾಲುತ್ತದೆ. ಸ್ಪೀಕರಿಗೆ ಮೂರು ತಂತಿಯ ಬ್ಯಾಲೆನ್ಸ್‌ಡ್ ಕೇಬಲ್ ಬಳಸುವುದರಿಂದಲೂ ಸದ್ದು ಬಹಳಷ್ಟು ತಗ್ಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಗುಂಯ್ ಸದ್ದು ನಿಲ್ಲಿಸಲು ಪ್ಲಗ್ಗಿನ ದಪ್ಪ ಪಿನ್ನನ್ನು, ಅಂದರೆ ಅರ್ಥ್ ಪಿನ್ನನ್ನು, ಮುರಿದು ಹಾಕುವ ರೂಢಿ ಮದುವೆ ಮನೆಯ ಸೌಂಡ್ ಸಿಸ್ಟಮ್‌ನವರಿಂದ ಹಿಡಿದು ಮನೆ ಸ್ಟುಡಿಯೊದವರೆಗೂ ಇದೆ. ಸದ್ದು ನಿಲ್ಲುತ್ತದೆ ಎಂಬುದು ನಿಜ. ಆದರೆ ಸ್ಪೀಕರಿನೊಳಗೆ ಯಾವತ್ತಾದರೂ ಫೇಸ್ ತಂತಿ ಲೋಹದ ಮೈಗೆ ತಗುಲಿದರೆ 230 ವೋಲ್ಟ್ ನೇರವಾಗಿ ಮೈಕ್ ಹಿಡಿದವರ ಕೈಗೆ ಬರುತ್ತದೆ, ಮತ್ತು ಮಳೆಗಾಲದಲ್ಲಿ ಆ ವ್ಯಕ್ತಿ ಒದ್ದೆ ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ನಿಂತಿರಬಹುದು. ದಯವಿಟ್ಟು ಯಾರೂ ಇದನ್ನು ಮಾಡಬಾರದು. ಲೂಪ್ ಒಡೆಯಲೇಬೇಕಾದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಅಥವಾ ಲೈನ್ ಐಸೊಲೇಟರ್ (ತಂತಿಗಳ ನೇರ ಸಂಪರ್ಕವಿಲ್ಲದೆ ಸದ್ದನ್ನು ದಾಟಿಸುವ ಪೆಟ್ಟಿಗೆಗಳು) ಹಾಕಿ ಸದ್ದಿನ ಕೇಬಲಿನಲ್ಲಿ ಒಡೆಯಬೇಕು; ಕರೆಂಟಿನ ಪ್ಲಗ್ಗಿನಲ್ಲಿ ಒಡೆಯಬಾರದು.

ಇನ್ನು ಅರ್ಥಿಂಗ್ ಗುಂಡಿಯ ವಿಷಯ. ನಮ್ಮ ಮನೆಯಲ್ಲಿ ಗುಂಯ್ ಸದ್ದು ಫೆಬ್ರವರಿ ಕೊನೆಗೆ ಶುರುವಾಗಿ ಜೂನ್ ಎರಡನೇ ವಾರಕ್ಕೆ ತಾನಾಗಿ ಹೋಗುತ್ತಿತ್ತು. ನೋಟ್‌ಬುಕ್ಕಿನಲ್ಲಿ ಎರಡು ವರ್ಷ ಇದೇ ಬರೆದಿದ್ದನ್ನು ನೋಡಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಆತ ಸ್ಟುಡಿಯೊಗೆ ಬರಲೇ ಇಲ್ಲ, ನೇರ ಬಚ್ಚಲಿನ ಹಿಂದಕ್ಕೆ ಹೋಗಿ, ಒಣಗಿದ ಕಾಫಿ ಎಲೆಗಳನ್ನು ಕಾಲಿನಿಂದ ಸರಿಸಿ, "ಅಣ್ಣ, ಇದಕ್ಕೆ ನೀರು ಹಾಕಿ ಎಷ್ಟು ವರ್ಷ ಆಯ್ತು?" ಎಂದು ಕೇಳಿದ. ಜಿಐ ಪೈಪಿನ ತಲೆಗೆ ತಂತಿ ಬಿಗಿದಿದ್ದ ಕ್ಲಾಂಪ್ ತುಕ್ಕು ಹಿಡಿದು, ಬೆರಳಲ್ಲಿ ತಿರುಗಿಸಿದರೆ ಪುಡಿ ಉದುರುತ್ತಿತ್ತು. ಸುತ್ತಲಿನ ಕೆಂಪು ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಜಂಬಿಟ್ಟಿಗೆ ಮಣ್ಣು ಒದ್ದೆಯಾಗಿದ್ದಾಗ ಕರೆಂಟನ್ನು ಸಾಗಿಸುತ್ತದೆ, ಒಣಗಿದಾಗ ಅದರ ತಡೆ ಬಹಳ ಏರುತ್ತದೆ. ಆದ್ದರಿಂದಲೇ ಗುಂಡಿಗೆ ಇದ್ದಿಲು ಮತ್ತು ಉಪ್ಪು ತುಂಬಿ ನೀರು ಹಿಡಿದಿಡುವುದು. ಆತ ಕ್ಲಾಂಪ್ ಬದಲಿಸಿ, ಹೊಸದಾಗಿ ಇದ್ದಿಲು, ಉಪ್ಪು ತುಂಬಿ, ನಾಲ್ಕು ಕೊಡ ನೀರು ಸುರಿದ. ಸಂಜೆಯ ಮೌನದ ಪರೀಕ್ಷೆಯಲ್ಲಿ ಕಡ್ಡಿಗಳು ಕಾಣದಷ್ಟು ತಗ್ಗಿದ್ದವು.

ಎಲೆಕ್ಟ್ರಿಷಿಯನ್ ಬಂದಾಗ ಮೂರು ಅಳತೆಗಳನ್ನು ತೆಗೆಸಿ ಬರೆದಿಟ್ಟುಕೊಳ್ಳಬೇಕು. ಸ್ಟುಡಿಯೊದ ಸಾಕೆಟ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟ್, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿನೊಳಗೆ ಇರಬೇಕು. ಫೇಸ್ ಮತ್ತು ಅರ್ಥ್ ನಡುವೆ ನೂರು, ನೂರಿಪ್ಪತ್ತು ಎಂದು ತೋರಿಸಿದರೆ ಅರ್ಥ್ ತಂತಿ ಎಲ್ಲಿಯೋ ತುಂಡಾಗಿದೆ. ಡಿಜಿಟಲ್ ಮೀಟರ್ ತುಂಡಾದ ತಂತಿಯಲ್ಲಿಯೂ ಒಮ್ಮೊಮ್ಮೆ ಸುಳ್ಳು ವೋಲ್ಟೇಜ್ ತೋರಿಸುವುದರಿಂದ, ಅನುಭವಸ್ಥ ಎಲೆಕ್ಟ್ರಿಷಿಯನ್‌ಗಳು ಫೇಸ್ ಮತ್ತು ಅರ್ಥ್ ನಡುವೆ ಬಲ್ಬ್ ಉರಿಸಿ ನೋಡುತ್ತಾರೆ. ಇದು ಅವರದೇ ಕೆಲಸ. ತಿಳಿಯದವರು ಕೈ ಹಾಕಬಾರದು.

ಗುಂಯ್ ಸದ್ದಿಗೆ ನಮ್ಮಲ್ಲಿ ಇನ್ನೊಂದು ಮೂಲ ಇನ್ವರ್ಟರ್. ಮಳೆಗಾಲದಲ್ಲಿ ಮರ ಬಿದ್ದು ಲೈನ್ ತುಂಡಾದರೆ ಒಳಗಿನ ಊರುಗಳಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಅಗ್ಗದ ಇನ್ವರ್ಟರುಗಳು ಕೊಡುವುದು ಮೆಟ್ಟಿಲಿನಂಥ ಚೌಕದ ಅಲೆ. ಅದರ ಅಂಚುಗಳು ಸದ್ದಿನ ವ್ಯಾಪ್ತಿಯ ಉದ್ದಕ್ಕೂ ಕೊರೆಯುವ ಸ್ವರಗಳನ್ನು ಹುಟ್ಟಿಸುತ್ತವೆ, ಅದಕ್ಕೆ ಯಾವ ಕೇಬಲೂ ಮದ್ದಲ್ಲ. ಪರೀಕ್ಷೆ ಸುಲಭ: ಲೈನ್ ಕರೆಂಟ್ ಇರುವಾಗ ಒಂದು ನಿಮಿಷ, ಮೇನ್ ಆಫ್ ಮಾಡಿ ಇನ್ವರ್ಟರಿನಲ್ಲಿ ಒಂದು ನಿಮಿಷ ಮುದ್ರಿಸಿ ಎರಡನ್ನೂ ಹೋಲಿಸಿದರೆ ಸಾಕು. ಎರಡನೆಯದರಲ್ಲಿ ಮಾತ್ರ ಸದ್ದಿದ್ದರೆ ಸೈನ್‌ವೇವ್ ಇನ್ವರ್ಟರ್ ತರಬೇಕು, ಇಲ್ಲವೇ ಕರೆಂಟ್ ಹೋದ ದಿನ ಲ್ಯಾಪ್‌ಟಾಪಿನ ಬ್ಯಾಟರಿಯಿಂದಲೇ ಶಕ್ತಿ ಪಡೆಯುವ ಯುಎಸ್‌ಬಿ ಇಂಟರ್‌ಫೇಸಿನಲ್ಲಿ ಕೆಲಸ ಮಾಡಿ ಇನ್ವರ್ಟರನ್ನೇ ಆರಿಸಬೇಕು. ನಾನು ಈಗಲೂ ಮುಖ್ಯ ಹಾಡುಗಾರಿಕೆಯನ್ನು ಹೀಗೆಯೇ ಬ್ಯಾಟರಿಯಲ್ಲಿ ಮುದ್ರಿಸುತ್ತೇನೆ. ಅಷ್ಟು ಶುಭ್ರವಾದ ಮೌನ ಲೈನ್ ಕರೆಂಟಿನಲ್ಲಿ ಸಿಗುವುದು ಅಪರೂಪ.

ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕಾಫಿ ಹೂವಿಗೆ ನೀರು ಹಾಯಿಸಲು ತೋಟಗಳಲ್ಲಿ ಸ್ಪ್ರಿಂಕ್ಲರ್ ಪಂಪ್‌ಗಳು ಓಡುತ್ತವೆ. ಆಗ ವೋಲ್ಟೇಜ್ ಇಳಿಯುವುದು, ಪಂಪ್ ಚಾಲೂ ಆದಾಗ ಮುದ್ರಣದಲ್ಲಿ ಟಕ್ ಎನ್ನುವುದು, ಸ್ಟೆಬಿಲೈಸರ್ ಕಟಕಟ ಅನ್ನುವುದು ಎಲ್ಲವೂ ಇದ್ದದ್ದೇ. ಹೂಮಳೆ ಬಿದ್ದ ವರ್ಷ ಪಂಪ್ ಬಂದಾಗಿ ಸದ್ದೂ ನಿಲ್ಲುತ್ತದೆ. ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ಒಂದು ವಿಷಯ ತಿಳಿದಿರಬೇಕು: ಕುಳಿತಲ್ಲಿಯೇ ತಿರುಗಿದಾಗ ಗುಂಯ್ ಸದ್ದು ಏರಿಳಿದರೆ ಅದು ತಂತಿಗಳ ಕೆಳಗಿರುವ ಪಿಕಪ್ ನೇರವಾಗಿ ಹಿಡಿದ ಕಾಂತದ ಸದ್ದು, ಟ್ರಾನ್ಸ್‌ಫಾರ್ಮರಿನಿಂದ ದೂರ ಸರಿದು, ಸದ್ದು ಕಡಿಮೆ ಇರುವ ದಿಕ್ಕಿಗೆ ಮುಖ ಮಾಡಿ ಕೂರುವುದೇ ಅದಕ್ಕೆ ಉಪಾಯ.

ಚಟಪಟ ಸದ್ದು

ಚಟಪಟ ಎನ್ನುವ ಸದ್ದುಗಳು ಮೂರು ಬಗೆಯವು. ಅವುಗಳನ್ನು ಮೊದಲು ಕಿವಿಯಿಂದಲೇ ಬೇರ್ಪಡಿಸಬಹುದು. ಕೇಬಲನ್ನು ಅಲುಗಿಸಿದಾಗ, ಗುಂಡಿ ತಿರುಗಿಸಿದಾಗ ಮಾತ್ರ ಬರುವುದು ಸಂಪರ್ಕದ ದೋಷ. ಯಾರೂ ಏನನ್ನೂ ಮುಟ್ಟದಿದ್ದರೂ ಒಲೆಯಲ್ಲಿ ಹಸಿ ಸೌದೆ ಸಿಡಿದಂತೆ ಮನಬಂದಾಗ ಬರುವುದು ಕಂಡೆನ್ಸರ್ ಮೈಕಿನೊಳಗಿನ ತೇವ. ಮುದ್ರಿಸುವಾಗ ಮೈಕ್ ಇಲ್ಲದೆಯೂ, ಹಳೆಯ ಹಾಡನ್ನು ಬರೀ ನುಡಿಸುವಾಗಲೂ ಬರುವುದು ಕಂಪ್ಯೂಟರಿನದು. ಮೂರನೆಯದಕ್ಕೆ ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳುವ ಸದ್ದಿನ ತುಣುಕಿನ ಗಾತ್ರವನ್ನು ಏರಿಸಿದರೆ ಸಾಮಾನ್ಯವಾಗಿ ಮುಗಿಯಿತು. ಆ ಲೆಕ್ಕವನ್ನು ಮುಂದೆ ಹೇಳುತ್ತೇನೆ.

ಮೈಕಿನೊಳಗಿನ ತೇವವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಒಳ್ಳೆಯ ಮೈಕುಗಳನ್ನು ಕೆಟ್ಟಿದೆ ಎಂದು ತಿಳಿದು ಅರ್ಧ ಬೆಲೆಗೆ ಮಾರಿದವರನ್ನು ನಾನು ಬಲ್ಲೆ. ಕಂಡೆನ್ಸರ್ ಮೈಕಿನಲ್ಲಿ ಕೂದಲಿಗಿಂತ ತೆಳುವಾದ, ಲೋಹ ಲೇಪಿಸಿದ ಒಂದು ಪೊರೆ ಮತ್ತು ಅದರ ಹಿಂದೆ ಒಂದು ತಟ್ಟೆ ಇರುತ್ತವೆ. ಇವೆರಡರ ನಡುವೆ ನಿಂತ ವಿದ್ಯುದಂಶ ಹಾಗೆಯೇ ಇದ್ದು, ಪೊರೆ ನಡುಗಿದಂತೆ ಅವುಗಳ ನಡುವಿನ ವೋಲ್ಟೇಜ್ ಏರಿಳಿಯುವುದೇ ಸದ್ದಿನ ಸಂಕೇತ. ಆ ಸಂಕೇತ ಎಷ್ಟು ಕ್ಷೀಣವೆಂದರೆ ಅದನ್ನು ಓದುವ ಭಾಗದ ತಡೆ ಗಿಗಾಓಮ್‌ಗಳಲ್ಲಿ, ಅಂದರೆ ನೂರು ಕೋಟಿ ಓಮ್‌ಗಳ ಲೆಕ್ಕದಲ್ಲಿ ಇರಬೇಕಾಗುತ್ತದೆ. ಕಣ್ಣಿಗೆ ಕಾಣದ ಮಂಜಿನ ಪದರವೊಂದು ಅಲ್ಲಿ ಕುಳಿತರೂ ವಿದ್ಯುದಂಶ ಅದರ ಮೂಲಕ ಸೋರಿ ಚಟ್ ಎನ್ನುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಕೋಣೆಯ ತೇವಾಂಶ ಮಾಪಕ ಶೇಕಡಾ 90ರ ಮೇಲೆ ನಿಂತುಬಿಡುವುದುಂಟು; ಬೀರುವಿನೊಳಗಿನ ಚಪ್ಪಲಿಗೆ ಬೂಷ್ಟು ಬರುವ ಕಾಲದಲ್ಲಿ ಮೈಕ್ ಮಾತ್ರ ಒಣಗಿರಲು ಸಾಧ್ಯವಿಲ್ಲ.

ಖಚಿತಪಡಿಸಿಕೊಳ್ಳುವ ವಿಧಾನ ಹೀಗಿದೆ. ಅದೇ ಕೇಬಲ್, ಅದೇ ಚಾನೆಲಿಗೆ, ಫ್ಯಾಂಟಮ್ ಪವರ್ (ಕಂಡೆನ್ಸರ್ ಮೈಕಿಗೆ ಕೇಬಲಿನಲ್ಲೇ ಹೋಗುವ ಕರೆಂಟ್) ಆರಿಸಿದ ಮೇಲೆ ಡೈನಾಮಿಕ್ ಮೈಕ್ ಹಾಕಿ ಕೇಳಬೇಕು. ಸದ್ದು ಇಲ್ಲವೆಂದಾದರೆ ಮತ್ತೆ ಕಂಡೆನ್ಸರ್ ಮೈಕ್ ಹಾಕಿ, ಫ್ಯಾಂಟಮ್ ಪವರ್ ಕೊಟ್ಟು ಅರ್ಧ ಗಂಟೆ ಹಾಗೆಯೇ ಬಿಡಬೇಕು. ಒಳಗಿನ ಅಲ್ಪ ಬಿಸಿಗೇ ಚಟಪಟ ಸದ್ದು ವಿರಳವಾಗುತ್ತ ಹೋದರೆ ಅದು ತೇವವೇ. ಸದ್ದು ಸ್ವಲ್ಪವೂ ಬದಲಾಗದಿದ್ದರೆ ಫ್ಯಾಂಟಮ್ ಪವರನ್ನು ಅಳೆಯಬೇಕು: ಮೈಕ್ ಕಿತ್ತು, ಕೇಬಲಿನ ತುದಿಯಲ್ಲಿ ಒಂದನೇ ಮತ್ತು ಎರಡನೇ ಪಿನ್ ನಡುವೆ, ಬಳಿಕ ಒಂದನೇ ಮತ್ತು ಮೂರನೇ ಪಿನ್ ನಡುವೆ ಮಲ್ಟಿಮೀಟರ್ ಹಿಡಿದಾಗ ಎರಡೂ ಕಡೆ 44ರಿಂದ 52 ವೋಲ್ಟಿನೊಳಗೆ, ಮತ್ತು ಮುಖ್ಯವಾಗಿ ಎರಡೂ ಸಮನಾಗಿ ಬರಬೇಕು. ಒಂದು ಕಡೆ 48, ಇನ್ನೊಂದು ಕಡೆ 20 ಎಂದರೆ ದೋಷ ಕೇಬಲಿನಲ್ಲಿ ಅಥವಾ ಇಂಟರ್‌ಫೇಸಿನಲ್ಲಿದೆ.

ತೇವ ಹಿಡಿದ ಮೈಕನ್ನು ಹೇರ್ ಡ್ರೈಯರ್‌ನಿಂದ ಊದಬಾರದು, ಬಿಸಿಲಿಗೆ ಇಡಬಾರದು, ಅಕ್ಕಿ ಡಬ್ಬದಲ್ಲಿ ಹೂಳಬಾರದು. ಅಕ್ಕಿಯ ಪುಡಿ ಪೊರೆಯ ಮೇಲೆ ಕುಳಿತರೆ ಮತ್ತೆ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಅತ್ಯಂತ ಒಣಗಿದ ಜಾಗ ಒಲೆಯ ಮೇಲಿನ ಅಟ್ಟ ಎಂಬುದು ನಿಜ, ಏಲಕ್ಕಿಗೂ ಬೀಜದ ಭತ್ತಕ್ಕೂ ಅದು ಒಳ್ಳೆಯದು. ಆದರೆ ಸೌದೆಯ ಹೊಗೆಯ ಜಿಡ್ಡು ಪೊರೆಗೆ ಅಂಟುವುದರಿಂದ ಮೈಕಿಗೆ ಅದಕ್ಕಿಂತ ಕೆಟ್ಟ ಜಾಗವಿಲ್ಲ. ಗಾಳಿಯಾಡದ ಮುಚ್ಚಳವಿರುವ ಡಬ್ಬದಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹರಳುಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಮೈಕಿನ ಜೊತೆ ಇಟ್ಟರೆ ಎರಡು ದಿನದಲ್ಲಿ ಮೈಕ್ ಸುಧಾರಿಸುತ್ತದೆ. ಡಬ್ಬದೊಳಗಿನ ತೇವಾಂಶ 40ರಿಂದ 50ರೊಳಗೆ ಇದ್ದರೆ ಸಾಕು. ಹರಳುಗಳ ಬಣ್ಣ ಪೂರ್ತಿ ತಿರುಗಿದ ಮೇಲೆ ಅವನ್ನು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನ ಅವನ್‌ನಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಮುದ್ರಣ ಮುಗಿದೊಡನೆ ಮೈಕ್ ಡಬ್ಬಕ್ಕೆ ಹೋಗಬೇಕು. ಸ್ಟ್ಯಾಂಡಿನ ಮೇಲೆ ರಾತ್ರಿ ಕಳೆಯಬಾರದು. ಇಷ್ಟು ಮಾಡಲಾಗದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೈನಾಮಿಕ್ ಮೈಕನ್ನೇ ಬಳಸುವುದು ಒಳ್ಳೆಯದು. ಅದರೊಳಗೆ ತಂತಿ ಸುರುಳಿ ಮತ್ತು ಅಯಸ್ಕಾಂತ ಮಾತ್ರ ಇರುವುದರಿಂದ ತೇವ ಅದನ್ನು ಅಷ್ಟಾಗಿ ಬಾಧಿಸುವುದಿಲ್ಲ.

ಸಂಪರ್ಕದ ದೋಷಕ್ಕೆ ಕಾರಣವೂ ಇದೇ ತೇವ. ಜಾಕಿನ ತುದಿಯನ್ನು ಬೆಳಕಿಗೆ ಹಿಡಿದರೆ ಕಪ್ಪು ಅಥವಾ ಹಸಿರು ಛಾಯೆ ಕಾಣುತ್ತದೆ. ಕರೆಂಟ್ ಆರಿಸಿ, ಜಾಕನ್ನು ಸಾಕೆಟ್‌ನೊಳಗೆ ಇಪ್ಪತ್ತು ಬಾರಿ ತಿರುಗಿಸಿ, ಬಳಿಕ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಒರೆಸಿದರೆ ಹೆಚ್ಚಿನವು ಸರಿಹೋಗುತ್ತವೆ. ತೆಂಗಿನ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಹಾಕಬಾರದು. ಅವು ಧೂಳು ಹಿಡಿದು ದೋಷವನ್ನು ಬೆಳೆಸುತ್ತವೆ.

ಕೋಣೆಯೇ ದೋಷವಾದಾಗ

ಸ್ಟುಡಿಯೊದಲ್ಲಿ ತುಂಬು ದನಿಯಾಗಿ ಕೇಳಿದ ಹಾಡು ಕಾರಿನಲ್ಲಿ ಸಪ್ಪೆಯಾಗಿ ಕೇಳಿದರೆ, ಅಥವಾ ಕುರ್ಚಿಯನ್ನು ಎರಡು ಅಡಿ ಹಿಂದೆ ಸರಿಸಿದೊಡನೆ ತಗ್ಗಿನ ಸದ್ದು ಬದಲಾದರೆ, ದೋಷ ಇರುವುದು ಗೋಡೆಗಳಲ್ಲಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಎದುರುಬದುರಿನ ಎರಡು ಗೋಡೆಗಳ ಅಂತರದ ಎರಡರಷ್ಟಕ್ಕೆ ಅದನ್ನು ಭಾಗಿಸಿದರೆ ಆ ಕೋಣೆ ಯಾವ ಸ್ವರವನ್ನು ತಾನಾಗಿ ಉಬ್ಬಿಸುತ್ತದೆ ಎಂಬುದು ತಿಳಿಯುತ್ತದೆ. ನಮ್ಮ ಕೋಣೆಯ ಹನ್ನೆರಡು ಅಡಿಗೆ ಅದು 47 ಹರ್ಟ್ಸ್, ಹತ್ತು ಅಡಿಗೆ 56, ಒಂಬತ್ತು ಅಡಿ ಎತ್ತರಕ್ಕೆ 63; ಇವುಗಳ ಇಮ್ಮಡಿಗಳಲ್ಲೂ ಅದೇ ಗತಿ. ಪರೀಕ್ಷಿಸಲು 40ರಿಂದ 200 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಒಂದು ಸ್ವರವನ್ನು ಸ್ಪೀಕರಿನಲ್ಲಿ ನುಡಿಸಿ, ಕೂರುವ ಜಾಗದಲ್ಲಿ ಮೈಕ್ ಇಟ್ಟು ಮುದ್ರಿಸಿ ನೋಡಬೇಕು. ಉಬ್ಬುಗಳೂ ತಗ್ಗುಗಳೂ ಬೆಟ್ಟ ಕಣಿವೆಯಂತೆ ಕಾಣುತ್ತವೆ. ಕೂರುವ ಜಾಗವನ್ನು ಕೋಣೆಯ ನಟ್ಟನಡುವಿನಿಂದ ತಪ್ಪಿಸಿ, ಮುಂದಿನ ಗೋಡೆಯಿಂದ ಉದ್ದದ ಶೇಕಡಾ 38ರಷ್ಟು ದೂರಕ್ಕೆ, ಅಂದರೆ ಇಲ್ಲಿ ನಾಲ್ಕೂವರೆ ಅಡಿಗೆ ತಂದರೆ ಮೊದಲ ಸುಧಾರಣೆ ಪುಕ್ಕಟೆಯಾಗಿ ಸಿಗುತ್ತದೆ. ಸ್ಪೀಕರ್ ಗೋಡೆಯಿಂದ 60 ಸೆಂಟಿಮೀಟರ್ ಮುಂದಿದ್ದರೆ ಹಿಂದಿನ ಗೋಡೆಗೆ ಬಡಿದು ಬಂದ ಅಲೆ 143 ಹರ್ಟ್ಸ್ ಆಸುಪಾಸಿನ ಸದ್ದನ್ನು ನುಂಗುತ್ತದೆ. ಗಂಡು ದನಿಯ ಮೈಯೆಲ್ಲ ಇರುವುದು ಅಲ್ಲಿಯೇ ಆದ್ದರಿಂದ ಸ್ಪೀಕರನ್ನು ಹಿಂದೆ ಮುಂದೆ ಸರಿಸಿ ನೋಡುವುದನ್ನು ಬೇಸರಿಸಬಾರದು.

ಗೋಡೆಗೆ ಕಾಫಿ ಚೀಲ ಹೊದಿಸುವುದು, ಮೊಟ್ಟೆಯ ಟ್ರೇ ಅಂಟಿಸುವುದು ನಮ್ಮಲ್ಲಿ ಬಹಳ ಕಂಡುಬರುತ್ತದೆ. ಇವು ಚಪ್ಪಾಳೆಯ ಮಾರ್ದನಿಯನ್ನು ಒಂದಿಷ್ಟು ತಗ್ಗಿಸಿ, ಸಮಸ್ಯೆ ಪರಿಹಾರವಾಯಿತೆಂಬ ಭ್ರಮೆ ಹುಟ್ಟಿಸುತ್ತವೆ. ತಗ್ಗಿನ ಸದ್ದಿಗೆ ಅವು ಇದ್ದೂ ಇಲ್ಲದಂತೆ; ಹೊರಗಿನ ಸದ್ದನ್ನಂತೂ ತಡೆಯುವುದೇ ಇಲ್ಲ. ಬೇಕಾದದ್ದು ದಪ್ಪ. ಹತ್ತು ಸೆಂಟಿಮೀಟರ್ ದಪ್ಪದ ರಾಕ್‌ವುಲ್ (ಕಲ್ಲಿನ ನಾರಿನ) ಹಲಗೆಗಳನ್ನು ಮರದ ಚೌಕಟ್ಟಿನಲ್ಲಿ ಕೂರಿಸಿ, ಬಟ್ಟೆ ಸುತ್ತಿ ಮೂಲೆಗಳಿಗೆ ಅಡ್ಡಲಾಗಿ ನಿಲ್ಲಿಸಬೇಕು. ಈ ಅಳತೆಯ ಕೋಣೆಯ ಗಾಳಿ ಸುಮಾರು 30 ಘನ ಮೀಟರ್; ಸದ್ದು ಮಾಯಲು ಹಿಡಿಯುವ ಕಾಲವನ್ನು 0.3 ಸೆಕೆಂಡಿಗೆ ಇಳಿಸಲು ಸುಮಾರು 16 ಚದರ ಮೀಟರಿನಷ್ಟು ಹೀರುವ ಮೈ ಬೇಕಾಗುತ್ತದೆ, ಅದರಲ್ಲಿ ಹಾಸಿಗೆ, ಪರದೆ, ಪುಸ್ತಕದ ಕಪಾಟುಗಳ ಪಾಲೂ ಸೇರುತ್ತದೆ. ಕೊಡಗಿನಲ್ಲಿ ಮರೆಯಬಾರದ ಸಂಗತಿಯೆಂದರೆ ಹಲಗೆಯನ್ನು ಹೊರಗೋಡೆಗೆ ಅಂಟಿಸಿ ನಿಲ್ಲಿಸಬಾರದು. ಐದು ಸೆಂಟಿಮೀಟರ್ ಗಾಳಿ ಬಿಟ್ಟರೆ ತಗ್ಗಿನ ಸದ್ದು ಇನ್ನಷ್ಟು ಹೀರಿಕೊಳ್ಳುತ್ತದೆ, ಗೋಡೆಯ ಒದ್ದೆ ಬಟ್ಟೆಗೆ ಹಿಡಿದು ಬೂಷ್ಟು ಬೆಳೆಯುವುದೂ ತಪ್ಪುತ್ತದೆ. ಆಗಸ್ಟಿನಲ್ಲಿ ಒಮ್ಮೆ ಹಲಗೆಯ ಬೆನ್ನನ್ನು ತಿರುಗಿಸಿ ಮೂಗಿನಿಂದಲೇ ಪರೀಕ್ಷಿಸಬೇಕು.

ಕೋಣೆ ಆರಿಸಿಕೊಳ್ಳುವ ಅವಕಾಶ ಇದ್ದವರಿಗೆ ಒಂದು ಮಾತು: ಮರದ ಮುಚ್ಚಿಗೆ, ಮಣ್ಣಿನ ಗೋಡೆ ಇರುವ ಹಳೆಯ ಕೋಣೆ, ಹೊಸ ಆರ್‌ಸಿಸಿ ಕೋಣೆಗಿಂತ ಕಿವಿಗೆ ಹಿತ. ಮರದ ಹಲಗೆ ತಾನೂ ನಡುಗಿ ತಗ್ಗಿನ ಸದ್ದನ್ನು ಒಂದಿಷ್ಟು ನುಂಗುತ್ತದೆ, ಒಂದಿಷ್ಟನ್ನು ಹೊರಗೆ ಬಿಡುತ್ತದೆ. ಆದರೆ ಬಿಟ್ಟ ದಾರಿಯಲ್ಲಿಯೇ ಮಳೆಯ ಸದ್ದು ಒಳಗೆ ಬರುತ್ತದೆ.

ಮಳೆಯ ಸದ್ದಿಗೆ ಪೂರ್ಣ ಪರಿಹಾರ ಮನೆ ಸ್ಟುಡಿಯೊದಲ್ಲಿ ಇಲ್ಲ. ಜಿಂಕ್ ಶೀಟಿನ ಮಾಡಿನ ಕೆಳಗೆ ಜುಲೈಯಲ್ಲಿ ಹಾಡು ಮುದ್ರಿಸುವ ಪ್ರಯತ್ನ ವ್ಯರ್ಥ. ಹಂಚಿನ ಮಾಡಿನ ಕೆಳಗೆ, ತೇವ ತಡೆಯುವ ಜಿಪ್ಸಮ್ ಬೋರ್ಡಿನ ಎರಡು ಪದರ ಮತ್ತು ನಡುವೆ ರಾಕ್‌ವುಲ್ ಇರುವ ಒಳಮಾಳಿಗೆ ಕಟ್ಟಿಸಿದರೆ ಸಾಧಾರಣ ಮಳೆಯಲ್ಲಿ ಕೆಲಸ ಸಾಗುತ್ತದೆ. ಮೈಕನ್ನು ಬಾಯಿಗೆ ಹತ್ತಿರ ತರುವುದು ಇದಕ್ಕಿಂತ ಅಗ್ಗ: ಅಂತರ ಅರ್ಧವಾದರೆ ದನಿ 6 ಡೆಸಿಬಲ್ ಏರುತ್ತದೆ, ಮಳೆ ಏರುವುದಿಲ್ಲ. ಸಾಫ್ಟ್‌ವೇರಿನಿಂದ ಮಳೆಯನ್ನು ಅಳಿಸಹೋದರೆ ಸ, ಶ, ಹ ಅಕ್ಷರಗಳ ಉಸಿರೂ ಅದರೊಂದಿಗೆ ಹೋಗುತ್ತದೆ. ನಾನು ಹಾಡುಗಾರಿಕೆಯನ್ನು ಸುಗ್ಗಿಯ ಹಬ್ಬ ಹುತ್ತರಿಯ ನಂತರಕ್ಕೆ ಇಟ್ಟುಕೊಂಡು, ಮಳೆಗಾಲದಲ್ಲಿ ಸಂಕಲನ, ಮಿಶ್ರಣಗಳನ್ನು ಮಾಡುತ್ತೇನೆ. ಸಂಜೆಯ ಜೀರುಂಡೆಯ ಸದ್ದು ಮಾತ್ರ ಬೇರೆ. ಅದು ಎತ್ತರದ ಸ್ವರವಾದ್ದರಿಂದ ಕಿಟಕಿಯ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿದರೆ ಬಹುಪಾಲು ನಿಲ್ಲುತ್ತದೆ.

ತಡವಾಗಿ ಕೇಳುವ ದನಿ, ತಪ್ಪಿದ ಶ್ರುತಿ

ಹಾಡಿದ್ದು ಹೆಡ್‌ಫೋನಿನಲ್ಲಿ ತಡವಾಗಿ ಕೇಳಿದರೆ ಬಫರ್ ದೊಡ್ಡದಾಗಿದೆ. 48,000ದ ಮಾದರಿ ದರದಲ್ಲಿ (ಸೆಕೆಂಡಿಗೆ ಸದ್ದನ್ನು ಅಷ್ಟು ಬಾರಿ ಅಳೆಯುವ ದರ, ಸ್ಯಾಂಪಲ್ ರೇಟ್) 1024ರ ಬಫರ್ ಒಂದು ದಿಕ್ಕಿಗೇ 21 ಮಿಲಿಸೆಕೆಂಡ್ ತಡ ಮಾಡುತ್ತದೆ, 128 ಮೂರಕ್ಕಿಂತ ಕಡಿಮೆ. ಹಾಡುವಾಗ 128, ಮಿಶ್ರಣ ಮಾಡುವಾಗ 1024 ಎಂಬ ರೂಢಿ ಸಾಕು. ಮುದ್ರಿಸಿದ ಹಾಡು ನುಡಿಸುವಾಗ ಒಂದೂವರೆ ಸ್ವರಸ್ಥಾನದಷ್ಟು ಏರಿದ್ದರೆ 44,100ರಲ್ಲಿ ಮುದ್ರಿಸಿದ್ದನ್ನು ಇಂಟರ್‌ಫೇಸ್ 48,000ದಲ್ಲಿ ನುಡಿಸುತ್ತಿದೆ. ಎರಡೂ ಕಡೆ ಒಂದೇ ದರ ಇರಿಸಬೇಕು. ಆದರೆ ಕೊಡಗಿನ ಚಿಕ್ಕ ಚರ್ಮವಾದ್ಯ ದುಡಿಯ ಶ್ರುತಿ ಹಾಡಿನ ಮಧ್ಯೆ ಮೆಲ್ಲಗೆ ಇಳಿದರೆ ಕಂಪ್ಯೂಟರನ್ನು ದೂರಬಾರದು. ಅದು ಚರ್ಮ ತೇವ ಹೀರಿ ಸಡಿಲವಾದದ್ದು. ಕೊಡವರ ಜನಪದ ಹಾಡು ಬಾಳೋಪಾಟ್ ಹಾಡುವ ನಾಲ್ವರು ದುಡಿಯನ್ನು ಬೆಂಕಿಯ ಕಾವಿಗೆ ಹಿಡಿದು ಬಂದರೆ, ಅದು ಆರುವ ಮೊದಲೇ ಮುದ್ರಣಕ್ಕೆ ಎಲ್ಲ ಸಿದ್ಧವಾಗಿರಬೇಕು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಆಫ್ ಸ್ವಿಚ್ಚನ್ನು ನಂಬದೆ ಪ್ಲಗ್ಗನ್ನೇ ಕೀಳಬೇಕು, ಇಂಟರ್‌ನೆಟ್ ಕೇಬಲನ್ನೂ ಕೀಳಬೇಕು. ಸಿಡಿಲು ಎರಡು ದಾರಿಯಲ್ಲೂ ಬರುತ್ತದೆ. ಕೀಳುವ ಮೊದಲು ಪ್ರತಿ ಪ್ಲಗ್ಗಿಗೂ ಬೋರ್ಡಿನ ಯಾವ ಸಾಕೆಟ್ ಎಂದು ಬಿಳಿ ಟೇಪಿನ ಮೇಲೆ ಬರೆದು ಅಂಟಿಸಿಡಬೇಕು. ಹೋದ ವರ್ಷ ಗುಡುಗಿನ ಮರುದಿನ ಬೆಳಿಗ್ಗೆ ಮನೆಯಲ್ಲಿ ಯಾರೋ ಬಲಗಡೆಯ ಸ್ಪೀಕರನ್ನು ಕಿಟಕಿ ಪಕ್ಕದ ಸಾಕೆಟ್‌ಗೆ ಹಾಕಿದ್ದರು, ಒಂದು ವಾರ ಇಲ್ಲದಿದ್ದ ಗುಂಯ್ ಸದ್ದು ಹಾಗೆಯೇ ಮರಳಿ ಬಂದಿತ್ತು. ಟೇಪಿನ ಮೇಲೆ ಬರೆದದ್ದನ್ನು ನೋಡಿ ಅದನ್ನು ಹಿಂದಿನ ಜಾಗಕ್ಕೆ ಬದಲಿಸಲು ಹಿಡಿದದ್ದು ಎರಡು ನಿಮಿಷ.